ಗುಲಗಂಜಿಯೇ ಹೌದು

“ಗುರುಗಳೇ, ಆಡಿದ ಮಾತು ನಿಜವೇ ಆಗಿದ್ದು, ಕೇಳಿದವರು ಅದನ್ನು ಬೇರೆ ರೀತಿ ತಿಳಿದುಕೊಂಡರೆ, ಆಡಿದವನಿಗೆ ಪಾಪವುಂಟೇ?”

ಶಿಷ್ಯ ಕೆಂಚವೀರ ಹೀಗೆ ಕೇಳಿದ. ಅವನು ಊರೊಳಗೆ ಹೋಗಿ ಆಗಷ್ಟೇ ಮಠಕ್ಕೆ ಹಿಂದಿರುಗಿದ್ದ. ಕಾಲು ತೊಳೆದಿರಲಿಲ್ಲ. ಹೆಗಲಿನ ಜೋಳಿಗೆಯನ್ನೂ ಇಳಿಸಿರಲಿಲ್ಲ.

ಗುರುಗಳು ಅವನ ಮುಖ ನೋಡಿದರು. “ಕುಳಿತುಕೋ” ಎಂದರು. ಅವನು ಕುಳಿತ ಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ದುಡಿಮೆಗಾರನೇ, ಆದರೆ ದುಡಿಮೆಗಿಂತ ಮಾತು ಒಂದು ಕೈ ಮುಂದೆ. ತಾನು ಹೊಡೆದ ಸಾಲು ದಾರ ಹಿಡಿದ ಹಾಗೆ ಎನ್ನುವನು. ತಾನು ಕಟ್ಟಿದ ಹೊರೆ ಗುಡ್ಡದಿಂದ ಉರುಳಿಸಿದರೂ ಬಿಚ್ಚದು ಎನ್ನುವನು. ಅವನ ಮನೆಯ ಪಕ್ಕದಲ್ಲಿ ಇನ್ನೊಬ್ಬ ರೈತ. ಇಬ್ಬರಿಗೂ ಒಂದೊಂದೇ ಎತ್ತು. ಒಂಟಿ ಎತ್ತಿನಿಂದ ಉಳುಮೆ ಸಾಗುವುದೇ? ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ, ಮೊದಲು ಒಬ್ಬನ ಹೊಲ, ಆಮೇಲೆ ಇನ್ನೊಬ್ಬನ ಹೊಲ ಉಳುತ್ತಿದ್ದರು. ಯಾವ ಎತ್ತು ಯಾರದು ಎಂಬುದನ್ನೇ ಊರವರು ಮರೆತಿದ್ದರು. ‘ಜೋಡಿ’ ಎಂದರೆ ಸಾಕಿತ್ತು.

ಮಾತುಗಾರ ರೈತ ಹೊಸ ಮನೆ ಕಟ್ಟಿದ. ಮಣ್ಣಿನ ಗೋಡೆ. ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ, ತುಳಿದು, ಕೊಳೆಯಲು ಬಿಡಬೇಕು. ಹುಳಿನಾತ ಬರುವ ತನಕ ಕಾಯಬೇಕು. ಪಕ್ಕದವನು ಬಂದು ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದ.

“ಇನ್ನೂ ಹದ ಬಂದಿಲ್ಲವಣ್ಣ. ನಾಲ್ಕು ದಿನ ತಡೆ” ಎಂದ.

ರೈತ ನಕ್ಕ. “ನಿನ್ನ ಮಣ್ಣಾದರೆ ಕೊಳೆಯಬೇಕು. ನಾನು ತುಳಿದ ಮೇಲೆ ಹದ ತಾನಾಗಿಯೇ ಬರುತ್ತದೆ!”

ಗೋಡೆ ಎದ್ದಿತು. ಊರ ಕಟ್ಟೆಯ ಮೇಲೆ, ಹತ್ತು ಜನರ ಮುಂದೆ, ರೈತ ತೊಡೆ ತಟ್ಟಿದ. “ನನ್ನ ಗೋಡೆಯಲ್ಲಿ ಒಂದು ಇರುವೆ ನುಗ್ಗುವ ಸಂದು ತೋರಿಸಿ. ಅಲ್ಲೇ ಮೀಸೆ ಬೋಳಿಸುತ್ತೇನೆ.”

ಮಳೆಗಾಲ ಕಳೆಯಿತು. ಗೋಡೆ ಒಣಗಿತು. ಒಣಗಿದ್ದೇ ತಡ, ಸೂರಿನಿಂದ ಪಾಯದವರೆಗೆ ಬಿರುಕು ಬಿಟ್ಟಿತು. ರೈತ ಕೆಮ್ಮಣ್ಣು ಕಲಸಿ ಬಿರುಕಿನ ಮೇಲೆ ಬಳಿದ. ಹೊರಗಿನಿಂದ ನಿಂತು ನೋಡಿದ. ಕಾಣುವುದಿಲ್ಲ ಎಂದುಕೊಂಡ. ಕಾಣದ ಬಿರುಕು ಇಲ್ಲದ ಬಿರುಕು ಎಂದು ಮೀಸೆ ನೀವಿಕೊಂಡ.

ಚಳಿ ಬಂತು. ಚಳಿಯ ಬೆನ್ನಿಗೇ ಹೊಲದ ಹುಳುಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದವು. ಮನುಷ್ಯರ ಕಣ್ಣಿಗೆ ಮರೆಯಾದ ಬಿರುಕು ಅವುಗಳಿಗೆ ಹೆಬ್ಬಾಗಿಲಾಯಿತು. ಕೆಂಪು ಮೈ, ಮೈಮೇಲೆ ಕಪ್ಪು ಚುಕ್ಕೆ. ತೊಲೆಗಳಿಗೆ ಗೊಂಚಲು ಗೊಂಚಲಾಗಿ ಜೋತುಬಿದ್ದವು. ಹಾಲಿಗೆ ಬಿದ್ದವು. ಮುದ್ದೆಯ ಮೇಲೆ ನಡೆದವು. ಹೆಂಡತಿಯ ತುರುಬಿನಿಂದ ಇಳಿದು ಅವಳ ಕಿವಿಯ ಓಲೆಯ ಪಕ್ಕದಲ್ಲಿ ಕುಳಿತವು.

ರೈತ ಅಂಗೈ ಬೀಸಿ ಬಡಿದ. ಒಂದೊಂದು ಹುಳುವೂ ಹಳದಿ ರಸ ಬಿಟ್ಟಿತು. ಮನೆಯೆಲ್ಲ ಕಹಿ ನಾತ. ಬಡಿದಷ್ಟೂ ಗೋಡೆ ಕಲೆಯಾಯಿತು, ಹುಳು ಮಾತ್ರ ಕಡಿಮೆಯಾಗಲಿಲ್ಲ. ಬೇವಿನ ಸೊಪ್ಪಿನ ಹೊಗೆ ಹಾಕಿದ. ಮನೆಯವರು ಕೆಮ್ಮಿದರು. ಹುಳು ಕೆಮ್ಮಲಿಲ್ಲ.

ಹೆಂಡತಿ ಹೇಳಿದಳು: “ಬಡಿಯಬೇಡಿ. ಇವು ಗುಲಗಂಜಿ ಹುಳು. ನಮ್ಮನ್ನು ಕಚ್ಚುವುದಿಲ್ಲ, ಕಣಜಕ್ಕೆ ಬಾಯಿ ಹಾಕುವುದಿಲ್ಲ. ಮೆಲ್ಲಗೆ ಗುಡಿಸಿ ಹೊರಗೆ ಬಿಟ್ಟರಾಯಿತು. ಆದರೆ ಬಿರುಕು ಮುಚ್ಚುವವರೆಗೆ ಬರುತ್ತಲೇ ಇರುತ್ತವೆ. ಪಕ್ಕದ ಮನೆಯವರನ್ನು ಕರೆಯಿರಿ. ಅವರ ಗುಂಡಿಯಲ್ಲಿ ಹದವಾದ ಮಣ್ಣಿದೆ.”

“ಅವನನ್ನು ಕರೆದು ನನ್ನ ಗೋಡೆ ತೋರಿಸಲೇ? ಅದಕ್ಕಿಂತ ಈ ಹುಳುಗಳ ಜೊತೆಯೇ ಸಂಸಾರ ಮಾಡುತ್ತೇನೆ.”

“ಮಾಡಿ, ಮಾಡಿ. ನಿಮ್ಮ ಮಾತು ಕೇಳಿ ಕೇಳಿ ಸಾಕಾಗಿ ಅವೇ ಓಡಿಹೋದಾವು.”

ಗುಲಗಂಜಿ ಎಂಬ ಹೆಸರು ಎರಡಕ್ಕೆ ಉಂಟು. ಬೇಲಿಯ ಬಳ್ಳಿಯಲ್ಲಿ ಬಿಡುವ ಕೆಂಪು ಕಾಳು ಒಂದು. ಅದನ್ನಿಟ್ಟು ಅಕ್ಕಸಾಲಿಗರು ಬಂಗಾರ ತೂಗುತ್ತಾರೆ. ದನದ ಹೊಟ್ಟೆಗೆ ಹೋದರೆ ಅದೇ ವಿಷ. ಆ ಕಾಳಿನಂತೆಯೇ ಕಾಣುವ ಈ ಪಾಪದ ಹುಳು ಇನ್ನೊಂದು. ಹೆಂಗಸರು ಅದನ್ನು ‘ಗುಲಗಂಜಿ ಹುಳು’ ಎನ್ನುತ್ತಿದ್ದರು. ಬರಿದೇ ‘ಗುಲಗಂಜಿ’ ಎಂದರೆ ಆ ಊರಿನಲ್ಲಿ ಕಾಳು ಎಂದೇ ಅರ್ಥ.

ದಿನವೂ ಹೆಂಡತಿ ಹುಳುಗಳನ್ನು ಗಡಿಗೆಗೆ ಗುಡಿಸುವಳು. ರೈತ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಜನ ಏಳುವ ಮೊದಲೇ ಹುಲ್ಲಿನ ಬಣವೆಯ ಹಿಂದೆ ಸುರಿದು ಬರುವನು. ಬಿಸಿಲೇರಿದೊಡನೆ ಅವು ಹಾರುತ್ತಿದ್ದವು. ಅವನು ಹೊಲ ಸುತ್ತಿಕೊಂಡು ಮನೆಗೆ ಬರುವಷ್ಟರಲ್ಲಿ ಅರ್ಧ ಹುಳುಗಳು ಅವನಿಗಿಂತ ಮುಂಚೆ ಮನೆ ಸೇರಿರುತ್ತಿದ್ದವು.

ಒಂದು ಬೆಳಿಗ್ಗೆ ಪಕ್ಕದವನು ಎದುರಾದ. ಬಟ್ಟೆ ಒಂದು ಕಡೆ ಸರಿದಿತ್ತು. ಒಳಗೆ ಕೆಂಪಗೆ ಹೊಳೆಯಿತು.

“ಏನಣ್ಣ ಅದು, ಗಡಿಗೆ ತುಂಬ?”

ರೈತ ಸರಕ್ಕನೆ ಬಟ್ಟೆ ಎಳೆದು ಮುಚ್ಚಿದ. ಹುಳು ಎಂದರೆ ‘ಎಲ್ಲಿಂದ ಬಂತು’ ಎಂಬ ಪ್ರಶ್ನೆ. ಆ ಪ್ರಶ್ನೆಗೆ ಬಿರುಕೊಂದೇ ಉತ್ತರ. ಅವನು ಹೆಂಡತಿ ಹೇಳಿದ ಹೆಸರಿನಲ್ಲಿ ‘ಹುಳು’ ಎಂಬ ಒಂದೇ ಒಂದು ಪದವನ್ನು ಬಿಟ್ಟು ಹೇಳಿದ.

“ಗುಲಗಂಜಿ.”

“ಅಬ್ಬಬ್ಬಾ, ಇಷ್ಟೊಂದೇ! ಅಕ್ಕಸಾಲಿಗನಿಗೋ? ಎಷ್ಟು ಬಂಗಾರ ಮಾಡಿಸುತ್ತೀಯೋ ಮಾರಾಯ?”

ರೈತ ನಕ್ಕು ಮೀಸೆ ತಿರುವಿದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

“ದನ ಓಡಾಡುವ ಕಡೆ ಚೆಲ್ಲೀಯೆ, ಜೋಪಾನ” ಎಂದು ಹೇಳಿ ಪಕ್ಕದವನು ಹೋದ.

ರೈತ ಆ ದಿನವೆಲ್ಲ ಕುಣಿಯುತ್ತಲೇ ಇದ್ದ. ಸುಳ್ಳು ಹೇಳಲಿಲ್ಲ. ಗುಟ್ಟೂ ಬಿಡಲಿಲ್ಲ. ಮೇಲೆ ಬಂಗಾರದ ಹೆಸರು ಬೇರೆ. ತನ್ನಂಥ ಜಾಣ ಸುತ್ತ ಹತ್ತು ಹಳ್ಳಿಯಲ್ಲಿ ಇಲ್ಲವೆನ್ನಿಸಿತು.

ಕೆಲವು ದಿನ ಕಳೆದವು. ಒಂದು ಮುಂಜಾನೆ ಪಕ್ಕದವನ ಎತ್ತು ಹಗ್ಗ ಹರಿದುಕೊಂಡು ಹೋಗಿತ್ತು. ಎಲ್ಲಿ ಏನು ಮೇಯ್ದಿತೋ ಕಂಡವರಿಲ್ಲ, ಸಿಕ್ಕಿದ್ದು ರೈತನ ಬಣವೆಯ ಹಿಂದೆ. ಹೊಟ್ಟೆ ನಗಾರಿಯ ಹಾಗೆ ಉಬ್ಬಿತ್ತು. ಕಾಲುಗಳು ನಡುಗುತ್ತಿದ್ದವು. ಬಾಯಲ್ಲಿ ನೊರೆ.

ದನದ ಮದ್ದು ಬಲ್ಲ ಮುದುಕನನ್ನು ಕರೆತಂದರು. ಊರು ನೆರೆಯಿತು. ರೈತನೂ ಬಂದ. ಹೆಂಡತಿ ನೀರಿಗೆ ಹೋಗಿದ್ದಳು.

ಮುದುಕ ಎತ್ತಿನ ಹೊಟ್ಟೆ ತಟ್ಟಿ ನೋಡಿದ. ಕಣ್ಣಿನ ರೆಪ್ಪೆ ಮಗುಚಿ ನೋಡಿದ. ಆಮೇಲೆ ಹೇಳಿದ: “ಎರಡರಲ್ಲಿ ಒಂದು. ಇಬ್ಬನಿಯಲ್ಲಿ ನೆನೆದ ಹುರುಳಿ ಸೊಪ್ಪು ತಿಂದಿದ್ದರೆ ಇದು ಬರೀ ಉಬ್ಬರ. ಎಣ್ಣೆ ಕುಡಿಸಿ, ಬಾಯಿಗೆ ಅಡ್ಡ ಕೋಲು ಕಟ್ಟಿ ನಡೆಸಬೇಕು. ಮಲಗಿದರೆ ಸತ್ತಿತು. ವಿಷ ತಿಂದಿದ್ದರೆ ಮಲಗಿಸಬೇಕು. ನಡೆಸಿದರೆ ವಿಷ ಏರಿ ಸತ್ತಿತು. ಯಾವುದೆಂದು ಬೇಗ ಹೇಳಿ.”

ಪಕ್ಕದವನಿಗೆ ಗಡಿಗೆ ನೆನಪಾಯಿತು. ಅವನು ರೈತನ ಎರಡೂ ಕೈ ಹಿಡಿದುಕೊಂಡ.

“ಅಣ್ಣ, ಅವತ್ತು ನೀನು ಗಡಿಗೆ ಹಿಡಿದು ಈ ಬಣವೆ ಕಡೆಗೇ ಬರುತ್ತಿದ್ದೆ. ಆ ಗುಲಗಂಜಿ ಇಲ್ಲೇನಾದರೂ ಚೆಲ್ಲಿದೆಯಾ? ಬೈಯುವುದಿಲ್ಲ, ದೇವರಾಣೆ. ಚೆಲ್ಲಿದ್ದರೆ ಚೆಲ್ಲಿದೆ ಅನ್ನು.”

ರೈತನಿಗೆ ಗೊತ್ತಿತ್ತು. ಬಣವೆಯ ಹಿಂದೆ ಒಂದು ಕಾಳು ವಿಷವೂ ಬಿದ್ದಿರಲಿಲ್ಲ. ‘ಹುಳು’ ಎಂಬ ಪದ ನಾಲಿಗೆಯ ತುದಿಯವರೆಗೆ ಬಂತು. ಸುತ್ತ ನೋಡಿದ. ಕಟ್ಟೆಯ ಮೇಲೆ ಅವನ ಪಂಥ ಕೇಳಿದ್ದ ಆ ಹತ್ತು ಜನವೂ ಅಲ್ಲಿದ್ದರು. ಪದ ಒಳಗೆ ಇಳಿಯಿತು.

“ಚೆಲ್ಲಿದ್ದೆ” ಎಂದ.

“ಗುಲಗಂಜಿಯೇನೋ?” ಮುದುಕ ಗದರಿಸಿ ಕೇಳಿದ. “ಸರಿಯಾಗಿ ಹೇಳು!”

“ಗುಲಗಂಜಿಯೇ ಹೌದು.”

ಇಬ್ಬರು ಬಣವೆಯ ಸುತ್ತ ಹುಡುಕಿದರು. ನೆಲ ಸಾಫಾಗಿತ್ತು. ಹುಳುಗಳು ಎಂದೋ ಹಾರಿಹೋಗಿದ್ದವು. ಅವರಿಗೇನು ಗೊತ್ತು? “ಅಯ್ಯೋ, ಒಂದು ಕಾಳೂ ಉಳಿದಿಲ್ಲ! ಪೂರಾ ತಿಂದುಬಿಟ್ಟಿದೆ!” ಎಂದು ಕೂಗಿದರು.

ಎತ್ತಿನ ಕಾಲು ಕಟ್ಟಿದರು. ತಳ್ಳಿ ಮಲಗಿಸಿದರು. ಅದು ಏಳಲು ಒದ್ದಾಡಿತು. ಅಲುಗಬಾರದೆಂದು ನಾಲ್ಕು ಜನ ಮೇಲೆ ಒತ್ತಿ ಹಿಡಿದರು. ಪಕ್ಕದವನು ತಲೆಯ ಬಳಿ ಕುಳಿತು, “ಸುಮ್ಮನಿರಪ್ಪ, ಸುಮ್ಮನಿರು ಮಗನೇ” ಎಂದು ಕೊಂಬಿನ ಬುಡ ನೀವುತ್ತಿದ್ದ. ಎತ್ತಿನ ಕಣ್ಣು ಹೊರಳಿತು. ನಾಲಿಗೆ ಮಣ್ಣಿಗೆ ಬಿತ್ತು.

ರೈತ ನೋಡುತ್ತ ನಿಂತಿದ್ದ. ಈಗ ಹೇಳುತ್ತೇನೆ ಎಂದುಕೊಂಡ. ಹೇಳಿದರೆ, ‘ಆಗಲೇ ಏಕೆ ಹೇಳಲಿಲ್ಲ’ ಎಂದು ಕೇಳುತ್ತಾರೆ ಎಂದುಕೊಂಡ. ಮೊದಲು ಬಿರುಕೊಂದನ್ನೇ ಮುಚ್ಚಬೇಕಿತ್ತು. ಈಗ ಬಾಯಿ ಮುಚ್ಚಿಕೊಂಡಿದ್ದನ್ನೂ ಮುಚ್ಚಬೇಕಾಯಿತು. ಎತ್ತಿನ ಒಂದೊಂದು ಉಸಿರಿಗೂ ಆ ಮಾತು ಇನ್ನಷ್ಟು ಭಾರವಾಯಿತು.

ಅಷ್ಟರಲ್ಲಿ ಹೆಂಡತಿ ನೀರು ಹೊತ್ತು ಬಂದಳು. “ಏನಾಯಿತು?” ಎಂದಳು.

“ನಿಮ್ಮ ಗುಲಗಂಜಿ ತಿಂದು ಎತ್ತು ಸಾಯುತ್ತಿದೆಯಮ್ಮ” ಎಂದರು ಯಾರೋ.

ತಲೆಯ ಮೇಲಿನ ಕೊಡ ಕೆಳಗೆ ಬಿತ್ತು. “ಗುಲಗಂಜಿ ಎಲ್ಲಿಂದ ಬಂತು? ಅದು ಹುಳು! ಗೋಡೆ ಬಿರುಕಿನಿಂದ ಬಂದ ಹುಳು!” ಅವಳು ಗಂಡನ ಕಡೆ ತಿರುಗಿದಳು. “ನೀವು ಇಲ್ಲೇ ನಿಂತಿದ್ದೀರಲ್ಲ…”

ಮುದುಕ ಎಗರಿ ಎದ್ದ. “ಬಿಚ್ಚಿರೋ ಹಗ್ಗ! ಎಬ್ಬಿಸಿರೋ!” ಹಗ್ಗ ಬಿಚ್ಚಿದರು. ಬಾಲ ಹಿಡಿದು ಎಳೆದರು, ಹೆಗಲು ಕೊಟ್ಟು ಎತ್ತಿದರು. ಯಾರೋ ಎಣ್ಣೆಗೆ ಓಡಿದರು. ಎತ್ತು ಮುಂಗಾಲನ್ನು ಒಮ್ಮೆ ಊರಿತು. ಮತ್ತೆ ಕುಸಿಯಿತು. ಎಣ್ಣೆ ಬರುವ ಹೊತ್ತಿಗೆ ಕುಡಿಯುವ ಬಾಯಿ ಇರಲಿಲ್ಲ.

ರೈತನೇ ಮೊದಲು ಬಾಯಿ ಬಿಟ್ಟ.

“ನಾನು… ನಾನು ಸುಳ್ಳು ಹೇಳಲಿಲ್ಲ. ಗುಲಗಂಜಿ ಅಂದೆ. ಗುಲಗಂಜಿ ಹುಳುವೇ ತಾನೇ?”

ಪಕ್ಕದವನು ಸತ್ತ ಎತ್ತಿನ ಕೊಂಬಿನ ಮೇಲಿಂದ ಕೈ ತೆಗೆಯಲಿಲ್ಲ. ದನಿ ಏರಿಸಲಿಲ್ಲ.

“ನಿನ್ನ ಗೋಡೆ ಬಿರುಕು ಊರಿಗೆಲ್ಲ ಗೊತ್ತಿತ್ತಣ್ಣ. ನೀನು ಕೆಮ್ಮಣ್ಣು ಬಳಿದ ದಿನವೇ ಕಂಡಿದ್ದೆವು. ಸುತ್ತೆಲ್ಲ ಹಳೇ ಬಣ್ಣ, ನಡುವೆ ಉದ್ದಕ್ಕೆ ಹೊಸದು. ಯಾರಿಗೆ ಕಾಣುವುದಿಲ್ಲ? ನಿನ್ನ ಮೀಸೆ ಬೋಳಿಸಿ ನಮಗೇನು ಆಗಬೇಕು ಎಂದು ಯಾರೂ ಮಾತೆತ್ತಲಿಲ್ಲ. ನೀನು ಕೇಳಲಿ ಎಂದು ಹದವಾದ ಮಣ್ಣನ್ನು ಗುಂಡಿಯಲ್ಲೇ ಇಟ್ಟುಕೊಂಡಿದ್ದೆ.”

ರೈತ ಆ ಹತ್ತು ಜನರ ಮುಖ ನೋಡಿದ. ಒಬ್ಬೊಬ್ಬರೇ ತಲೆ ತಗ್ಗಿಸಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕೆಂಚವೀರನ ಮುಖದಲ್ಲಿ ರಕ್ತವಿರಲಿಲ್ಲ. ಕೊನೆಗೆ ಕೇಳಿದ: “ಆದರೂ ಗುರುಗಳೇ, ಅವನು ಆಡಿದ ಮಾತು ನಿಜವೇ ತಾನೇ?”

ಗುರುಗಳು ಹೇಳಿದರು: “ಅದಿರಲಿ ಮಗು, ಈಗ ನೀನು ಊರಲ್ಲಿ ಮಲಗಿಸಿ ಬಂದ ಎತ್ತಿಗೆ ಇನ್ನೂ ಉಸಿರಿದೆಯೇ?”