ಉಗುಳುವ ವಿದ್ಯೆ

“ಗುರುಗಳೇ, ನಿಜವಾದ ಗುರುವನ್ನು ಗುರುತಿಸುವುದು ಹೇಗೆ?”

ಕೇಳಿದವನು ಚನ್ನಮಲ್ಲ. ಆಶ್ರಮಕ್ಕೆ ಬಂದು ಮೂರು ತಿಂಗಳಾಗಿದ್ದರೂ ಅವನು ತಂದ ಗಂಟನ್ನು ಇನ್ನೂ ಬಿಚ್ಚಿರಲಿಲ್ಲ. ಬೇಕಾದ ಪಂಚೆಯನ್ನು ಗಂಟಿನ ಸಂದಿಯಿಂದಲೇ ಎಳೆದುಕೊಳ್ಳುತ್ತಿದ್ದ. ಇದು ಅವನಿಗೆ ನಾಲ್ಕನೆಯ ಆಶ್ರಮ. ಮೊದಲನೆಯ ಕಡೆ ಗುರುಗಳಿಗೆ ಮೂಗಿನ ತುದಿಯಲ್ಲೇ ಕೋಪ. ಎರಡನೆಯವರಿಗೆ ಊಟದ ಮೇಲೆ ಆಸೆ. ಮೂರನೆಯವರು ಮಾತು ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಈ ಗುರುಗಳು ಭಜನೆಯ ನಡುವೆ ತೂಕಡಿಸುತ್ತಾರೆ ಎಂಬುದನ್ನು ಅವನು ನಿನ್ನೆ ಕಂಡುಹಿಡಿದಿದ್ದ. ಈಗ ಗಂಟನ್ನು ಪಕ್ಕದಲ್ಲಿಟ್ಟುಕೊಂಡು, ಕಾಲು ಅಲ್ಲಾಡಿಸುತ್ತ ಕುಳಿತಿದ್ದ. ವಯಸ್ಸು ನಲವತ್ತು ದಾಟಿತ್ತು. ಹೀಗೆಯೇ ಅಲೆದು ಅಲೆದು ಬರಿಗೈಯಲ್ಲಿ ಸಾಯುತ್ತೇನೆ ಎಂಬ ಹೆದರಿಕೆ ಅವನನ್ನು ಎಲ್ಲಿಯೂ ಕೂರಗೊಡುತ್ತಿರಲಿಲ್ಲ.

“ನಿನಗೆ ಹೊರಡುವ ಅವಸರ. ಚಿಕ್ಕ ಕತೆಯನ್ನೇ ಹೇಳುತ್ತೇನೆ” ಎಂದರು ಗುರುಗಳು. “ಮದ್ಯದ ಕತೆ. ಹೆದರಬೇಡ, ಕಿವಿಯಿಂದ ಕುಡಿದರೆ ಅಮಲೇರುವುದಿಲ್ಲ.”

ಅವರು ಹೇಳಿದ್ದು ಇಷ್ಟು.

ಒಬ್ಬ ವರ್ತಕನಿದ್ದ. ದ್ರಾಕ್ಷಿಯ ಮದ್ಯವನ್ನು ಊರೂರಿಗೆ ಒಯ್ದು ಮಾರುತ್ತಿದ್ದ. ಆದರೆ ಅದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಸಿಹಿಯಾಗಿದ್ದರೆ ಸಾಕು, ತಲೆದೂಗಿಬಿಡುತ್ತಿದ್ದ. ಅವನು ಬರುವ ದಿನ ತೋಟದವರು ಹುಳಿಯಾದ ಜಾಡಿಗೆ ಬೆಲ್ಲ ಕಲಸಿ ಕಾದಿರುತ್ತಿದ್ದರು. ಒಂದು ದಿನ ಇದು ಗೊತ್ತಾಗಿ ಅವನಿಗೆ ಮಾನ ಹೋದಂತಾಯಿತು. ಆ ಸೀಮೆಯ ದ್ರಾಕ್ಷಿತೋಟದಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ನಾಲಿಗೆಯನ್ನು ಮೋಸಗೊಳಿಸಿದವರಿಲ್ಲ. ವರ್ತಕ ಅವಳ ಮುಂದೆ ಹೋಗಿ, ರುಚಿ ನೋಡುವುದನ್ನು ಕಲಿಸು ಎಂದು ಕೈಮುಗಿದ.

ಮುದುಕಿ ಕಲಿಸಿದಳು. ಗಾಜಿನ ಬಟ್ಟಲನ್ನು ಬೆಳಕಿಗೆ ಹಿಡಿದು ಬಣ್ಣ ನೋಡಬೇಕು. ಅಲುಗಿಸಿ ಮೂಸಬೇಕು. ಒಂದು ಗುಟುಕನ್ನು ನಾಲಿಗೆಯ ಸುತ್ತ ಹೊರಳಿಸಬೇಕು. ಆಮೇಲೆ ಉಗುಳಬೇಕು.

“ಉಗುಳೂದ್ಯಾಕವ್ವಾ?” ಎಂದ ವರ್ತಕ.

“ಹತ್ತು ಜಾಡಿ ನುಂಗಿ ನೋಡು. ಹನ್ನೊಂದನೇದು ಮದ್ಯೋ ಮಜ್ಜಿಗ್ಯೋ ಗೊತ್ತಾಗಂಗಿಲ್ಲ.”

ಮೊದಲ ದಿನ ಯಾವ ಬಟ್ಟಲು ಕೊಟ್ಟರೂ ಅವನು ದ್ರಾಕ್ಷಿಯ ವಾಸನೆ ಎಂದಷ್ಟೇ ಹೇಳಿದ. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ತಿಂಗಳಲ್ಲಿ ಅವನಿಗೆ ಲವಂಗ ಗೊತ್ತಾಯಿತು, ನೇರಳೆ ಗೊತ್ತಾಯಿತು, ನೆನೆದ ಮಣ್ಣು ಗೊತ್ತಾಯಿತು. ಮೂರು ವರ್ಷದಲ್ಲಿ, ಬಳ್ಳಿ ಗುಡ್ಡದ ಯಾವ ಮಗ್ಗುಲಿನದು, ಕೊಯ್ಲಿನ ವಾರ ಮಳೆ ಬಿದ್ದಿತ್ತೋ ಇಲ್ಲವೋ ಎಂಬುದನ್ನೂ ಹೇಳತೊಡಗಿದ. ಬೆಲ್ಲ ಕಲಸಿದ ತೋಟದವರೇ ಈಗ ಅವನು ಬಾಯಿ ಮುಕ್ಕಳಿಸುವಾಗ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಇಷ್ಟು ಕಲಿತ ಮೇಲೆ ಕಂಡಕಂಡದ್ದನ್ನು ಕುಡಿಯುವುದುಂಟೇ? ಕುಂದಿಲ್ಲದ ಒಂದು ಜಾಡಿ ಸಿಗಲಿ, ಅದನ್ನೇ ಕುಡಿಯುತ್ತೇನೆ, ಅಲ್ಲಿಯವರೆಗೆ ಒಂದು ಹನಿಯೂ ಗಂಟಲಿಗಿಳಿಯಬಾರದು ಎಂದು ವರ್ತಕ ಹಟ ತೊಟ್ಟ. ಒಂದರಲ್ಲಿ ಹೊಗೆ ಇತ್ತು. ಉಗುಳಿದ. ಇನ್ನೊಂದರಲ್ಲಿ ಒಗರು ಹೆಚ್ಚು. ಉಗುಳಿದ. ಮತ್ತೊಂದರಲ್ಲಿ ಎಲ್ಲವೂ ಇತ್ತು, ಆದರೆ ರುಚಿ ನಾಲಿಗೆಯ ಮೇಲೆ ನಿಲ್ಲದೆ ಬೇಗ ಮಾಯವಾಯಿತು. ಅದನ್ನೂ ಉಗುಳಿದ. ಒಂದು ತೋಟದಲ್ಲಿರುವಾಗಲೇ ಅವನ ಮನಸ್ಸು ಆಚೆಯ ತೋಟದಲ್ಲಿರುತ್ತಿತ್ತು. ಮನೆಗೆ ಬಂದರೆ ಹೆಂಡತಿ ಮಾಡಿದ ಸಾರಿನಲ್ಲಿ ಸೌದೆಯ ವಾಸನೆ ಹಿಡಿದು ಎದ್ದುಹೋಗುತ್ತಿದ್ದ. ಹೀಗೆ ಇಪ್ಪತ್ತು ವರ್ಷ ನಿಂತಲ್ಲಿ ನಿಲ್ಲದೆ ತಿರುಗಿದ. ನೋಡಿದವರು ಅವನನ್ನು ಮಹಾ ರಸಿಕ ಎಂದರು. ಅವನ ಗಂಟಲು ಮಾತ್ರ ಒಣಗಿಯೇ ಇತ್ತು, ಪಾಪ.

ಒಂದು ಚಳಿಗಾಲದಲ್ಲಿ ಅವನಿಗೆ ನೆಗಡಿ, ಜ್ವರ ಬಂತು. ಜ್ವರ ಬಿಟ್ಟಿತು, ಮೂಗು ಮರಳಲಿಲ್ಲ. ಲವಂಗ ಮೂಸಿದ. ಏನೂ ಇಲ್ಲ. ಬಟ್ಟಲಿನ ಮೇಲೆ ಬಟ್ಟಲು ಬಾಯಿಗೆ ಸುರಿದು ಉಗುಳಿದ. ಎಲ್ಲವೂ ನೀರು. ಬರಿಗಾಲಲ್ಲೇ ಮುದುಕಿಯ ತೋಟಕ್ಕೆ ಓಡಿದ.

ಅವಳು ಇನ್ನೂ ಬದುಕಿದ್ದಳು. ಪಕ್ಕದ ತೋಟದ ರೈತನೊಬ್ಬನ ಜೊತೆ ಜಗುಲಿಯ ಮೇಲೆ ಕುಳಿತು, ಮಣ್ಣಿನ ಕುಡಿಕೆಯಲ್ಲಿ ಆ ವರ್ಷದ ಮದ್ಯ ಕುಡಿಯುತ್ತಿದ್ದಳು.

“ಅವ್ವಾ, ಮೂಗು ಹೋತು. ಸಾವಿರ ಜಾಡಿ ನೋಡೀನಿ, ಒಂದನ್ನೂ ಕುಡೀಲಿಲ್ಲ. ಇನ್ನೇನು ಕುಡೀಲಿ?” ಎಂದು ವರ್ತಕ ಬಿಕ್ಕಿ ಬಿಕ್ಕಿ ಅತ್ತ.

“ಉಗುಳೂದನ್ನ ಕಲಿಸಿದಾಕಿ ನಾನೇ, ಖರೆ. ನುಂಗೂದನ್ನೂ ಕಲಿಸಬೇಕಾಗತೈತಿ ಅಂತ ನನಗ ಹೊಳೀಲೇ ಇಲ್ಲಪಾ” ಎಂದು ಮುದುಕಿ ತನ್ನ ಕುಡಿಕೆಯನ್ನೇ ಅವನ ಕೈಗಿತ್ತಳು.

ಅವನು ಗುಟುಕನ್ನು ರೂಢಿಯಂತೆ ನಾಲಿಗೆಯ ಸುತ್ತ ಹೊರಳಿಸಿ, ಉಗುಳಲು ಅಂಗಳದ ಕಡೆ ತಿರುಗಿದ. ಮುದುಕಿ ಅವನ ಗದ್ದವನ್ನು ಗಟ್ಟಿಯಾಗಿ ಹಿಡಿದಳು. ಬೇರೆ ದಾರಿ ಇರಲಿಲ್ಲ. ನುಂಗಿದ. ಅದು ಗಂಟಲಿನಲ್ಲಿ ಬೆಚ್ಚಗೆ ಇಳಿದು ಎದೆಯನ್ನು ಮುಟ್ಟಿತು. ಅದಕ್ಕೆ ವಾಸನೆ ಇರಲಿಲ್ಲ, ಕೊಡಲು ಅವನ ಬಳಿ ಹೆಸರೂ ಇರಲಿಲ್ಲ. ರೈತ ಜರುಗಿ ಅವನಿಗೆ ಜಾಗ ಬಿಟ್ಟು, ತನ್ನ ರೊಟ್ಟಿಯನ್ನು ಮುರಿದು ಅರ್ಧ ಕೊಟ್ಟ. ಆ ದಿನ ವರ್ತಕ ಮುಂದಿನ ತೋಟಕ್ಕೆ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಲ್ಲಾಡುತ್ತಿದ್ದ ಕಾಲು ಯಾವಾಗ ನಿಂತಿತೋ ಚನ್ನಮಲ್ಲನಿಗೆ ತಿಳಿದಿರಲಿಲ್ಲ. ಅವನು ಮುಂದಕ್ಕೆ ಬಾಗಿ ಕೇಳಿದ:

“ಗುರುಗಳೇ, ಆ ಕುಡಿಕೆಯಲ್ಲಿದ್ದದ್ದು ಒಳ್ಳೆಯ ಮದ್ಯವೇ?”

ಗುರುಗಳು ಅವನ ಗಂಟನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

“ಇನ್ನೂ ಉಗುಳುತ್ತಲೇ ಇದ್ದೀಯಲ್ಲಪ್ಪ” ಎಂದರು.

ಚನ್ನಮಲ್ಲ ತೆರೆದ ಬಾಯಿಯನ್ನು ಮುಚ್ಚಿಕೊಂಡ.