ಮಸಿ ಕೈಯವನ ಮೂರು ಉತ್ತರ

ಕುವರಿ ಪದ್ಮಲೆಯ ಮೂರು ಒಗಟು ಒಡೆದವನಿಗೆ ಅವಳೊಂದಿಗೆ ಮದುವೆ, ಜೊತೆಗೆ ಆಸ್ಥಾನಕವಿಯ ಪೀಠ. ಒಂದು ತಪ್ಪಿದರೂ ಮರುದಿನ ತಲೆ ಹೋಗುತ್ತದೆ. ಯಾರು ಬೇಕಾದರೂ ಬರಬಹುದು. ಹೀಗೆಂದು ಬೆಳ್ಮಣಿಪುರದ ದೊರೆ ಇರುಗರಸ ಡಂಗುರ ಹೊಡೆಸಿದ. ಕಡೆಯ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಯಾರು ಬೇಕಾದರೂ ಅಂದರೇನು? ಆ ಪೀಠದ ಮೇಲೆ ನಾನು, ಈ ಕವಿ ನಾಕಿಮಯ್ಯ, ಹತ್ತು ವರ್ಷದಿಂದ ಕಣ್ಣಿಟ್ಟು ಕೂತಿದ್ದೆ.

ನಮ್ಮಲ್ಲಿ ಕವಿಯಾದವನು ಕೈಯಿಂದ ಬರೆಯುವುದಿಲ್ಲ, ಬಾಯಲ್ಲಿ ಹೇಳುತ್ತಾನೆ. ಕಬ್ಬಿಣದ ಮೊನೆಯಿಂದ ತಾಳೆಗರಿಯ ಮೇಲೆ ಕೊರೆಯುವುದು ಕೂಲಿಯವರ ಕೆಲಸ. ನನ್ನ ಕಾವ್ಯ ಕೊರೆಯುತ್ತಿದ್ದವನು ಬಮ್ಮ. ಅವನೂ ಅರಮನೆಯ ಬಾಗಿಲಲ್ಲಿ ನಿಂತಿದ್ದನ್ನು ಕಂಡು ನಕ್ಕುಬಿಟ್ಟೆ.

ಒಬ್ಬೊಬ್ಬರನ್ನೇ ಒಳಗೆ ಕರೆದರು. ತಪ್ಪಿದವನು ಅಲ್ಲೇ ಸೆರೆಯಲ್ಲಿ ನಿಲ್ಲಬೇಕು.

ಮೊದಲು ಹೋದವನು ಕವಿ ರೇವಣ. ಸೀರೆಯ ಮೇಲೆ ಸೀರೆ ಉಟ್ಟವಳು, ಬಿಚ್ಚುತ್ತ ಹೋದರೆ ಕಡೆಗೆ ಅವಳೇ ಇಲ್ಲ, ಆದರೂ ಅವಳಿಲ್ಲದೆ ಅಡುಗೆ ಸಾಗದು, ಯಾರು? ಎಂದು ಪದ್ಮಲೆ ಕೇಳಿದಳಂತೆ. ರೇವಣ ಕಣ್ಣು ಮುಚ್ಚಿ ‘ಮಾಯೆ’ ಎಂದನಂತೆ. ಕಾವಲಿನವರು ಅವನನ್ನು ಪಕ್ಕಕ್ಕೆಳೆದರಂತೆ.

ಕವಿ ಸೋವಿದೇವ ಅದನ್ನು ದಾಟಿ ಎರಡನೆಯದರಲ್ಲಿ ಬಿದ್ದ. ಇದ್ದರೆ ಯಾರೂ ಮಾತೆತ್ತುವುದಿಲ್ಲ, ಇಲ್ಲದಿದ್ದರೆ ಎಲ್ಲರೂ ಕೇಳುತ್ತಾರೆ, ಹೆಚ್ಚಾದರೆ ಉಗಿಯುತ್ತಾರೆ, ಏನದು? ಸೋವಿದೇವ ಮುಖಸ್ತುತಿಯವನು. ‘ದೊರೆಯ ದಯೆ’ ಎಂದನಂತೆ. ದೊರೆಯ ಮುಖ ಕಪ್ಪಿಟ್ಟಿತಂತೆ.

ನನ್ನ ಸರದಿ ಬಂದು ಒಳಗೆ ಹೋದಾಗ ಅವರಿಬ್ಬರೂ ಸೋತು ನಿಂತದ್ದನ್ನು ಕಂಡು ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ನಾನು ಎರಡನ್ನೂ ಒಡೆದೆ. ಆಗ ಮೂರನೆಯದು ಬಂತು: ಮುಖಕ್ಕೆ ಮಸಿ ಬಳಿದು ಒರೆಸಿದ ಮೇಲೇ ಅವನು ಯಾರೆಂದು ತಿಳಿಯುವುದು, ಯಾರವನು? ಲೋಕ ನಿಂದೆಯ ಮಸಿ ಬಳಿದರೂ ಬೆಳಗುವ ಮಹಾಕವಿ, ಎಂದು ನನ್ನನ್ನೇ ನೆನೆದುಕೊಂಡು ಹೇಳಿದೆ. ಪದ್ಮಲೆ ಅಲ್ಲವೆಂದು ತಲೆಯಾಡಿಸಿದಳು. ನನ್ನನ್ನೂ ಆ ಇಬ್ಬರ ಪಕ್ಕದಲ್ಲಿ ನಿಲ್ಲಿಸಿದರು.

ಆಮೇಲೆ ಬಮ್ಮ ಬಂದ. ಇವನೂ ಸೋಲಲಿ ಎಂದು ದೇವರಿಗೆ ಹರಕೆ ಹೊತ್ತೆ. ನನ್ನ ತಲೆ ಹೋಗುವುದಕ್ಕಿಂತ ಅವನು ಗೆಲ್ಲುವುದೇ ನನಗೆ ದೊಡ್ಡ ಸಂಕಟವಾಗಿತ್ತು.

“ಮೊದಲನೇದು ಈರುಳ್ಳಿ, ತಾಯಿ. ಅದಕ್ಕೆ ಉಡುಪು ಬೇರೆ, ಒಡಲು ಬೇರೆ ಅಂತಿಲ್ಲ. ಎರಡನೇದು ಉಪ್ಪು. ಮೂರನೇದು ಓಲೆ ಮೇಲಿನ ಅಕ್ಷರ,” ಎಂದ ಬಮ್ಮ. “ಕೊರೆದಾಗ ಕಣ್ಣಿಗೆ ಕಾಣಲ್ಲ. ಮಸಿ ಬಳಿದು ಒರೆಸಿದ್ರೆ ಗೀರಿನೊಳಗೆ ಇಳಿದದ್ದು ಉಳಿಯುತ್ತೆ. ಗೀರಿಲ್ಲದ ಕಡೆ ಎಷ್ಟು ಬಳಿದ್ರೂ ಬಟ್ಟೆಗೇ ಹೋಗುತ್ತೆ.”

ಹತ್ತು ವರ್ಷ ನನ್ನೆದುರೇ ಅವನು ಓಲೆ ಒರೆಸಿದ್ದ. ನಾನು ಒಮ್ಮೆಯೂ ನೋಡಿರಲಿಲ್ಲ.

ಮೂರೂ ಸರಿಯೆಂದು ಹೇಳಿ ಪದ್ಮಲೆ ನನ್ನತ್ತ ತಿರುಗಿದಳು. “ನಿಮ್ಮ ಕಾವ್ಯದ ರಾಣಿ ಹೊಳೆಗೆ ಹಾರೋ ಮುಂಚೆ ಹೊಳೆಯ ಬಣ್ಣಕ್ಕೇ ನಲವತ್ತು ಪದ್ಯ ಹೇಳಿದ್ರಿ. ಅವಳು ಬದುಕಿದಳೋ ಸತ್ತಳೋ ಹೇಳೋದನ್ನೇ ಮರೆತ್ರಿ.” ನಿಜ, ಮರೆತಿದ್ದೆ.

ಇನ್ನೇನು ಬೇಕೆಂದು ದೊರೆ ಕೇಳಿದಾಗ ಬಮ್ಮ ನಮ್ಮ ಮೂವರ ಜೀವ ಕೇಳಿದ. ಅವನು ನನ್ನನ್ನು ಬೈದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು. ದೊರೆ ಒಪ್ಪಿದ. ಪದ್ಮಲೆ ಮಾತ್ರ ನನಗೊಂದು ಕಟ್ಟಳೆ ಹಾಕಿದಳು: ನಡೆದದ್ದನ್ನು ನಡೆದಂತೆ, ಬಣ್ಣ ಬಳಿಯದೆ, ಸಂತೆಯಲ್ಲಿ ಕೂತು ಹೇಳಬೇಕು.

ಮದುವೆ ಮುಗಿದ ವಾರ ಹೇಳಿದೆ. ಒಬ್ಬರೂ ನಡುವೆ ಎದ್ದು ಹೋಗಲಿಲ್ಲ. ನನ್ನ ಯಾವ ಕಾವ್ಯಕ್ಕೂ ಹಾಗಾಗಿರಲಿಲ್ಲ. ಮುಗಿದ ಮೇಲೆ ಬಳೆ ಮಾರುವ ಮುದುಕಿಯೊಬ್ಬಳು, ಬಮ್ಮ ಈಗ ಹೇಗಿದ್ದಾನೆ ಎಂದು ಕೇಳಿದಳು.

ಚೆನ್ನಾಗಿದ್ದಾನೆ ಎಂದೆ. ಅಷ್ಟು ಹೇಳುವುದರೊಳಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು.