ಅರಸರ ಕಾರಿನ ಗಾಂಭೀರ್ಯ

ಹೊನ್ನಗುಡ್ಡ ಸಂಸ್ಥಾನದಲ್ಲಿ ಆ ಕಾಲಕ್ಕೆ ಇದ್ದದ್ದು ಎರಡೇ ಮೋಟಾರು ಕಾರು. ಒಂದು ರಾಜ ತಿಪ್ಪರಾಜ ನಾಯಕರದು. ಅದು ಸದಾ ಕೆಟ್ಟು ನಿಂತಿರುತ್ತಿದ್ದುದರಿಂದ ಯಾರಿಗೂ ತೊಂದರೆ ಇರಲಿಲ್ಲ. ಇನ್ನೊಂದು ರಾಣಿಯ ತಮ್ಮ ಮಲ್ಲರಾಜೇ ಅರಸರದು. ಅದು ಕೆಡುತ್ತಲೇ ಇರಲಿಲ್ಲ.

ಹೊಸದರಲ್ಲಿ ಆ ಕಾರೂ ಎಲ್ಲ ಕಾರಿನಂತೆ ಮೆಲ್ಲಗೆ ಗುರುಗುಟ್ಟಿಕೊಂಡು ಹೋಗುತ್ತಿತ್ತು. ಅರಸರಿಗೆ ಅದು ಸರಿಬರಲಿಲ್ಲ. “ನಾನು ಬರುವುದು ನಾನು ಬಂದ ಮೇಲೆ ಜನಕ್ಕೆ ಗೊತ್ತಾದರೆ ಅದೇನು ಮರ್ಯಾದೆ?” ಎಂದು ಕಮ್ಮಾರನನ್ನು ಕರೆಸಿದರು. ಸದ್ದು ಅಡಗಿಸುವ ಸೈಲೆನ್ಸರನ್ನು ಕಿತ್ತುಹಾಕಿಸಿ, ಆ ಜಾಗಕ್ಕೆ ಕಹಳೆಯಂಥ ಹಿತ್ತಾಳೆ ಕೊಳವೆ ಕೂರಿಸಿದರು.

ಅಲ್ಲಿಂದಾಚೆಗೆ ಅರಸರು ಎಲೆಯಡಿಕೆಗೆಂದು ಪೇಟೆಗೆ ಹೊರಟರೂ ಊರಿಗೆ ದಂಡು ನುಗ್ಗಿದಂತಾಗುತ್ತಿತ್ತು. ಕಟ್ಟಿದ ಎಮ್ಮೆ ಹಗ್ಗ ಹರಿದುಕೊಂಡು ಓಡುತ್ತಿತ್ತು. ಮಲಗಿಸಿದ ಕೂಸು ಕಿಟ್ಟನೆ ಕಿರುಚುತ್ತಿತ್ತು.

ಕೊನೆಗೆ ರಾಜರಿಗೂ ತಲೆನೋವು ಬಂದು ಒಂದು ಕಾನೂನು ಮಾಡಿದರು. ಬೀದಿಯಲ್ಲಿ ಗದ್ದಲ ಮಾಡಿದವರಿಗೆ ದಂಡ, ಗದ್ದಲದ ಸಾಮಾನು ಜಪ್ತಿ. ಊರೆಲ್ಲ ತಮಟೆ ಹೊಡೆದು ಸಾರಿದರು. ಸಾರಿ ಮುಗಿದ ಕೂಡಲೇ ಆ ತಮಟೆಯನ್ನೇ ಮೊದಲು ಜಪ್ತಿ ಮಾಡಿದರು. ಆಮೇಲೆ ಕಂಚುಗಾರರ ಬೀದಿಯ ಸುತ್ತಿಗೆಗಳೆಲ್ಲ ಠಾಣೆ ಸೇರಿದವು. ಕಾರಿನ ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ. ಆ ಸದ್ದಿನಲ್ಲಿ ಪೊಲೀಸರಿಗೆ ಕಾನೂನಿನ ನೆನಪು ಬರುತ್ತಿರಲಿಲ್ಲವೋ ಏನೋ.

ನೆನಪಿದ್ದವನು ಒಬ್ಬನೇ, ಚೌಕದ ದಫೇದಾರ ಇಮಾಮ್ ಸಾಬಿ. ಒಂದು ಬೆಳಿಗ್ಗೆ ಅವನು ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದು ಅರಸರ ಕಾರನ್ನು ನಿಲ್ಲಿಸಿಬಿಟ್ಟ.

“ಬುದ್ಧಿ, ಗದ್ದಲದ ಕಾನೂನು. ಆ ಕೊಳವೆ ಬಿಚ್ಚಬೇಕು.”

“ನಾನು ಯಾರು ಗೊತ್ತೇನೋ?”

“ಗೊತ್ತು ಬುದ್ಧಿ. ತಾವು ಊರಬಾಗಿಲ ಹತ್ತಿರ ಇದ್ದಾಗಲೇ ಗೊತ್ತಾಯಿತು.”

ಸಂಜೆಯೊಳಗೆ ಇಮಾಮ್ ಸಾಬಿಯ ಸೊಂಟದ ಪಟ್ಟಿ ಬಿಚ್ಚಿಸಿಕೊಂಡರು. ಮಾರನೆಯ ದಿನ ದರ್ಬಾರಿನಲ್ಲಿ ವಿಚಾರಣೆ. ಅರಸರನ್ನು ತಡೆದ ತಪ್ಪು ರುಜುವಾತಾದರೆ ಹೆಂಡತಿ ಮಕ್ಕಳೊಂದಿಗೆ ಗಡೀಪಾರು. ಅವನು ನೇರ ಹಂಪಣ್ಣನ ಮನೆಗೆ ಬಂದ. ಹಂಪಣ್ಣ ಆಸ್ಥಾನದ ಮಾತುಗಾರ. ರಾಜರನ್ನು ನಗಿಸುವುದು ಅವನ ಕೆಲಸ. ಆ ದಿನಗಳಲ್ಲಿ ಅದು ಹಗುರದ ಕೆಲಸವಾಗಿರಲಿಲ್ಲ.

“ಯಾಕಯ್ಯ ನಿಲ್ಲಿಸೋಕೆ ಹೋದೆ?” ಎಂದ ಹಂಪಣ್ಣ.

“ಅರಸರ ಕಾರು ಬಿಟ್ಟು ಅಂತ ಕಾನೂನಿನಲ್ಲಿ ಬರೆದಿರಲಿಲ್ಲ, ಸ್ವಾಮಿ.”

“ಅಲ್ಲೇ ನೀನು ಕೆಟ್ಟದ್ದು. ಕಾನೂನಿನಲ್ಲಿ ಬರೆಯದೆ ಬಿಟ್ಟದ್ದನ್ನೇ ಮೊದಲು ಓದಿಕೊಳ್ಳಬೇಕು.” ಹಾಗೆ ಗೇಲಿ ಮಾಡಿದನೇ ಹೊರತು ಹಂಪಣ್ಣನಿಗೆ ಊಟ ಸೇರಲಿಲ್ಲ. ಊರಿಗೆಲ್ಲ ಧೈರ್ಯವಿದ್ದವನು ಒಬ್ಬ, ಅವನನ್ನೇ ಊರು ಬಿಡಿಸುತ್ತಾರಲ್ಲ ಎಂದು ರಾತ್ರಿಯೆಲ್ಲ ಉಪಾಯ ಹುಡುಕಿದ.

ಮಾರನೆಯ ದಿನ ರಾಜರು ದರ್ಬಾರಿನಲ್ಲಿ ಕೇಳಿದರು: “ಮಲ್ಲರಾಜರ ಕಾರಿನಿಂದ ಯಾರಿಗಾದರೂ ತೊಂದರೆ ಆಗಿದೆಯೇ?”

ಊರಿನ ಹಿರಿಯರೆಲ್ಲ ತಂತಮ್ಮ ಕಾಲ ಹೆಬ್ಬೆರಳನ್ನು ಬಹಳ ಆಸಕ್ತಿಯಿಂದ ನೋಡಿಕೊಂಡರು.

“ನೋಡಿದಿರಾ ಭಾವ?” ಎಂದು ಮಲ್ಲರಾಜರು ಮೀಸೆ ತೀಡಿದರು. “ಒಬ್ಬನ ದೂರೂ ಇಲ್ಲ. ನನ್ನ ಕಾರು ಗದ್ದಲ ಮಾಡುತ್ತದೆ ಎಂದು ಯಾವ ಗಂಡಸಾದರೂ ರುಜುವಾತು ಮಾಡಲಿ, ನಾನೇ ಕೊಳವೆ ಬಿಚ್ಚಿ ಈ ದಫೇದಾರನ ಕೈಗೆ ಕೊಡುತ್ತೇನೆ.”

ಹಂಪಣ್ಣ ಎದ್ದು ಕೈಮುಗಿದ. “ಮಹಾಸ್ವಾಮಿ, ನಾನು ಮಲ್ಲರಾಜೇ ಅರಸಿನವರ ಪಕ್ಷ.”

ಇಮಾಮ್ ಸಾಬಿಯ ಮುಖ ಕಪ್ಪಿಟ್ಟಿತು.

“ಗದ್ದಲ ಅಂದರೆ ಕಂಚುಗಾರರದು, ಕತ್ತೆಗಳದು,” ಎಂದ ಹಂಪಣ್ಣ. “ಅರಸಿನವರ ಕಾರಿನದು ಗದ್ದಲ ಹೇಗಾದೀತು?”

“ಹಾಗೆ ಹೇಳು,” ಎಂದರು ಮಲ್ಲರಾಜರು. “ಅದು ಗಾಂಭೀರ್ಯ.”

“ಬರೀ ಗಾಂಭೀರ್ಯವೇ ಬುದ್ಧಿ?”

“ರಾಜಗಾಂಭೀರ್ಯ.”

“ನನಗಂತೂ ಅದನ್ನು ಕೇಳಿದಾಗಲೆಲ್ಲ ಅರಮನೆಯ ಕುಶಾಲತೋಪು ಹಾರಿಸಿದ ಹಾಗೇ ಅನ್ನಿಸುತ್ತದೆ.”

ಮಲ್ಲರಾಜರು ಉಬ್ಬಿಹೋದರು. “ತೋಪಿನ ಹಾಗಲ್ಲ, ತೋಪೇ. ಅದಕ್ಕೆಂದೇ ಮಾಡಿಸಿದ್ದು.”

ಹಂಪಣ್ಣ ನಿಟ್ಟುಸಿರುಬಿಟ್ಟ. “ಅರಸಿನವರ ಪುಣ್ಯ, ಮಹಾಸ್ವಾಮಿ. ಬ್ರಿಟಿಷ್ ಸರ್ಕಾರ ತಮಗೆ ಕೊಟ್ಟಿರುವುದು ಒಂಬತ್ತು ತೋಪಿನ ಮರ್ಯಾದೆ. ಅದೂ ವರ್ಧಂತಿಯ ದಿನ, ಅದೂ ಮದ್ದು ಒದ್ದೆಯಾಗಿದ್ದರೆ ಎಂಟು. ಅರಸಿನವರು ಎಲೆಯಡಿಕೆ ತರಲು ಹೋಗಿ ಬರುವಷ್ಟರಲ್ಲಿ ಇನ್ನೂರು ತೋಪು ಹಾರುತ್ತವೆ. ಇನ್ನೂರು ತೋಪಿನ ದೊರೆ ಇರುವಾಗ ಒಂಬತ್ತು ತೋಪಿನವರು ಸಿಂಹಾಸನದ ಮೇಲೆ...” ಎಂದು ನಾಲಗೆ ಕಚ್ಚಿಕೊಂಡ.

ದೊರೆಗಳ ಅಂತಸ್ತು ಅಳೆಯುತ್ತಿದ್ದುದೇ ತೋಪಿನ ಲೆಕ್ಕದಲ್ಲಿ. ಪಕ್ಕದ ಸಂಸ್ಥಾನದವರಿಗೆ ಹನ್ನೊಂದು ತೋಪು ಸಿಕ್ಕಿದ ದಿನದಿಂದ ರಾಜರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಅವರು ಮೈದುನನ ಕಡೆಗೆ ನಿಧಾನವಾಗಿ ತಿರುಗಿದರು.

“ಮಲ್ಲರಾಜರೇ, ನಮ್ಮ ಅಪ್ಪಣೆ ಇಲ್ಲದೆ ತೋಪು ಹಾರಿಸಿಕೊಳ್ಳುವುದಕ್ಕೆ ಏನು ಹೆಸರು ಗೊತ್ತೇ?”

ಮಲ್ಲರಾಜರು ತೀಡಿದ ಮೀಸೆಯನ್ನು ಕೆಳಗಿಳಿಸಿದರು. “ಇಲ್ಲ ಭಾವ... ಇಲ್ಲ ಮಹಾಸ್ವಾಮಿ. ತೋಪು ಎಲ್ಲಿಯದು? ಹರಕು ಕೊಳವೆ. ಹಾಳು ಸದ್ದು.”

“ಗಾಂಭೀರ್ಯ ಅಂದಿರಿ?” ಎಂದ ಹಂಪಣ್ಣ.

“ಎಂಥ ಗಾಂಭೀರ್ಯ ಮಾರಾಯ. ಬರೀ ಗದ್ದಲ. ಕತ್ತೆಗಿಂತ ಕಡೆ. ಊರಲ್ಲಿ ಯಾರನ್ನು ಬೇಕಾದರೂ ಕೇಳಿ.”

“ಕೇಳುವುದೇನಿದೆ ಬುದ್ಧಿ. ರುಜುವಾತು ಮಾಡಲು ಗಂಡಸು ಬೇಕು ಅಂದಿದ್ದಿರಿ, ತಾವೇ ಸಿಕ್ಕಿದಿರಿ.”

ಮೊದಲು ನಕ್ಕವರು ರಾಜರು, ಆದ್ದರಿಂದ ದರ್ಬಾರಿಗೆಲ್ಲ ನಗುವ ಧೈರ್ಯ ಬಂತು. ಅರಸರು ಕೊಳವೆ ಬಿಚ್ಚಿ, ಕೈಗೆಲ್ಲ ಮಸಿ ಮಾಡಿಕೊಂಡು, ಇಮಾಮ್ ಸಾಬಿಗೆ ಒಪ್ಪಿಸಿದರು. ದಂಡ ಬಿತ್ತು, ಸೈಲೆನ್ಸರ್ ಮರಳಿ ಕಾರಿಗೆ ಬಿತ್ತು. ದಫೇದಾರನಿಗೆ ಪಟ್ಟಿ ಸಿಕ್ಕಿತು, ಕಂಚುಗಾರರಿಗೆ ಸುತ್ತಿಗೆ.

ಹಂಪಣ್ಣನಿಗೆ ಶಾಲು ಹೊದಿಸುತ್ತ ರಾಜರು ಕೇಳಿದರು: “ಇಷ್ಟು ಸುತ್ತಿ ಬಳಸಿ ಯಾಕಯ್ಯ? ಕಾರಿನದು ಸದ್ದು ಜಾಸ್ತಿ ಎಂದು ನನಗೇ ನೇರವಾಗಿ ಹೇಳಬಹುದಿತ್ತಲ್ಲ?”

“ಹೇಳಿದ್ದೆ, ಮಹಾಸ್ವಾಮಿ, ಎಷ್ಟೋ ಸಲ ಹೇಳಿದ್ದೆ,” ಎಂದ ಹಂಪಣ್ಣ. “ಆಗೆಲ್ಲ ಅರಸಿನವರ ಕಾರು ಹೋಗುತ್ತಿತ್ತು. ತಮಗೆ ಕೇಳಿಸಲಿಲ್ಲ.”